ಬಿಳಿ ಮೀನಿನ ಚಾರ್ಟ್: ಬ್ಲೂ ವೈಟಿಂಗ್ ಹೊರಗೆ, ತೂಕ ಒಂದೇ ಅಳತೆಗೆ

ಈ ತಿಂಗಳು ಚಾರ್ಟಿನ ಕೆಲಸ ಚೆನ್ನಾಗಿ ಸಾಗಿದೆ. ಜನ ತಿನ್ನಲೆಂದು ಹಿಡಿಯುವ ಬಿಳಿ ಮಾಂಸದ ಸಮುದ್ರ ಮೀನಿನಲ್ಲಿ ಯಾವ ದೇಶದ ಪಾಲೆಷ್ಟು ಅಂತ ಒಂದೇ ಹಾಳೆಯಲ್ಲಿ ತೋರಿಸುವ ಆಸೆ ನನ್ನದು. ಕಾಡ್, ಹ್ಯಾಡಕ್, ಹೇಕ್, ಅಲಾಸ್ಕಾ ಪೊಲಾಕ್ ಲೆಕ್ಕದಲ್ಲಿವೆ. ನಮ್ಮ ಬಾಗಲಕೋಟೆಯಲ್ಲಿ ಇವು ಕಣ್ಣಿಗೂ ಬೀಳುವುದಿಲ್ಲ. ಇಲ್ಲೇನಿದ್ದರೂ ಆಲಮಟ್ಟಿ ಹಿನ್ನೀರಿನ ರೋಹು, ಕಟ್ಲಾ.

ಮೊದಲು ಬ್ಲೂ ವೈಟಿಂಗ್ ತೆಗೆದುಹಾಕಿದೆ. ಅದು ಕಾಡ್ ಜಾತಿಗೆ ಹತ್ತಿರದ್ದೇ, ಮಾಂಸವೂ ಬಿಳಿ. ವರ್ಷಕ್ಕೆ 10 ಲಕ್ಷ ಟನ್ ಮೀರಿ ಸಿಗುತ್ತದೆ. ಆದರೆ ಅದರ ಬಹುಪಾಲು ಮೀನುಪುಡಿ, ಎಣ್ಣೆಯಾಗಿ ಸಾಕಿದ ಸಾಲ್ಮನ್‌ಗಳ ಮೇವಿಗೆ ಹೋಗುತ್ತದೆ. ಅದನ್ನು ಸೇರಿಸಿದರೆ ಉತ್ತರ ಅಟ್ಲಾಂಟಿಕ್‌ನ ಪುಟ್ಟ ಫಾರೋ ದ್ವೀಪಗಳ ಪಾಲು ಸುಮ್ನೆ ಉಬ್ಬುತ್ತದೆ. ಜನರ ತಟ್ಟೆಯ ಲೆಕ್ಕ ಅಂದಮೇಲೆ ಅದಕ್ಕೆ ಜಾಗವಿಲ್ಲ.

ತೂಕದ ವಿಷಯಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಕೊಡುವ ಅಂಕಿಗಳು ನೀರಿನಿಂದ ಎತ್ತಿದ ಇಡೀ ಮೀನಿನ ತೂಕದವು. ಮಾರಾಟದ ಅಂಕಿಗಳು ಹಾಗಲ್ಲ. ನವನಗರದಲ್ಲಿ ರೋಹು ಕೊಂಡಾಗ ಇದನ್ನು ಕಣ್ಣಾರೆ ನೋಡಿದೆ. ಮಾರುವ ಅಕ್ಕ ಇಡೀ ಮೀನು ತೂಗಿ, ಚಿಪ್ಪು ಕೆರೆದು, ಕರುಳು ತೆಗೆದು, "ತಲಿ ಬೇಕೇನ್ರಿ ಅಣ್ಣಾ?" ಅಂದರು. ಬೇಡ ಅಂದು, ಉಳಿದದ್ದನ್ನು ಮತ್ತೆ ತೂಗಿಸಿದೆ. ಒಂದೂವರೆ ಕಿಲೋದ ಮೀನು ಒಂದು ಕಿಲೋಗೆ ಇಳಿದಿತ್ತು. ನಾರ್ವೆಯಲ್ಲೂ ತಲೆ, ಕರುಳು ತೆಗೆದ ಕಾಡ್ ತೂಕವನ್ನು ಇಡೀ ಮೀನಿನ ಲೆಕ್ಕಕ್ಕೆ ತರಲು 1.5ರಿಂದ ಗುಣಿಸುತ್ತಾರೆ. ಹಾಗಾಗಿ ನನ್ನ ಹಾಳೆಯಲ್ಲಿ ಎಲ್ಲವೂ ಇಡೀ ಮೀನಿನ ತೂಕವೇ.

ದೇಶ ಯಾವುದು ಅನ್ನುವುದಕ್ಕೆ ಹಡಗಿನ ಬಾವುಟವೇ ಆಧಾರ. ಎಫ್‌ಎಒ ರೀತಿಯೂ ಅದೇ. ರಷ್ಯಾ ಹಿಡಿದ ಪೊಲಾಕ್ ಚೀನಾದ ಕಾರ್ಖಾನೆಯಲ್ಲಿ ತುಂಡಾಗಿ ಯುರೋಪಿಗೆ ಹೋದರೂ ನನ್ನ ಚಾರ್ಟಿನಲ್ಲಿ ಅದು ರಷ್ಯಾದ್ದೇ. ರಫ್ತಿನ ಅಂಕಿ ಹಿಡಿದು ಹೊರಟರೆ ಒಂದೇ ಮೀನು ಎರಡು ಸಲ ಎಣಿಕೆಯಾಗುತ್ತದೆ, ಅಲ್ವಾ?

ಪೊಲಾಕ್ 2022ರಲ್ಲಿ ಸುಮಾರು 34 ಲಕ್ಷ ಟನ್ ಸಿಕ್ಕಿತ್ತು. ರಷ್ಯಾ ಮೊದಲು, ನಂತರ ಅಮೆರಿಕ. ಈ ಎರಡು ಕಂಬಗಳ ಮುಂದೆ ಐಸ್‌ಲ್ಯಾಂಡ್ ಕುಳ್ಳಗೆ ಕಾಣುತ್ತದೆ. ಕಾಡ್‌ಗಾಗಿ ಬ್ರಿಟನ್ ಜೊತೆ 1976ರವರೆಗೆ ಜಗಳ ಮಾಡಿ ತನ್ನ 200 ಮೈಲಿ ಕಡಲು ಉಳಿಸಿಕೊಂಡ ದೇಶ ಅದು. ಅದಕ್ಕೇ ಕಾಡ್‌ಗೆ ಬೇರೆ ಹಾಳೆ ಕೊಡುತ್ತಿದ್ದೇನೆ.

ಆ ಹಾಳೆಯಲ್ಲಿ ಒಂದೇ ವರ್ಷ ಹಾಕಿದರೆ ಸಾಲದು. ನಾರ್ವೆ, ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ವರ್ಷಕ್ಕೆ ಹಿಡಿಯಬಹುದಾದ ಕಾಡ್ ಮಿತಿ 2013ರಲ್ಲಿ 10 ಲಕ್ಷ ಟನ್ ಇತ್ತು, 2025ಕ್ಕೆ 3.4 ಲಕ್ಷ. ಬೇರೆ ದೇಶಗಳ ಪಾಲು ಕಳೆದು ಉಳಿದದ್ದನ್ನು ನಾರ್ವೆ, ರಷ್ಯಾ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. ಆ ಇಳಿತ ಕಾಣಲೇಬೇಕು, ಅದಕ್ಕೆ 2013ರಿಂದ ವರ್ಷಕ್ಕೊಂದು ಕಂಬ ಎಳೆಯುತ್ತಿದ್ದೇನೆ.

ಇನ್ನು ಉಳಿದಿರುವುದು ಹೇಕ್. ಅರ್ಜೆಂಟೀನಾದ್ದು ಸುಲಭ. ದಕ್ಷಿಣ ಆಫ್ರಿಕಾ, ನಮೀಬಿಯಾ ಕಡೆ ಕೇಪ್ ಹೇಕ್‌ನ ಎರಡು ಜಾತಿಗಳನ್ನು ಒಟ್ಟಿಗೇ ಲೆಕ್ಕ ಹಾಕುತ್ತಾರೆ. ಅವೆರಡಕ್ಕೂ ಒಂದೇ ಬಣ್ಣ ಹಚ್ಚುತ್ತೇನೆ.