ಕ್ರಿಯಾಪದದವರೆಗೆ ಉಳಿಯಬೇಕಾದ ಉಸಿರು

ಆಕಾಶವಾಣಿಯ ಕೇಂದ್ರವೊಂದರಲ್ಲಿ ಉದ್ಘೋಷಕಿಯಾಗಿರುವ ನನಗೆ, ಹೊಸದಾಗಿ ಆಯ್ಕೆಯಾಗಿ ಬರುವ ತಾತ್ಕಾಲಿಕ ಉದ್ಘೋಷಕರನ್ನು ತರಬೇತುಗೊಳಿಸುವ ಹೊಣೆಯೂ ಇದೆ. ಸಭೆ-ಸಮಾರಂಭಗಳ ನಿರೂಪಣೆಗೂ ಹೋಗುವುದರಿಂದ, ವೇದಿಕೆಯ ಮೇಲೆ ನಿಂತು ಮಾತನಾಡಲು ಅಂಜುವ ಶಿಕ್ಷಕರು, ಬ್ಯಾಂಕಿನ ನೌಕರರು, ಸಹಕಾರ ಸಂಘಗಳ ಕಾರ್ಯದರ್ಶಿಗಳು ಸಲಹೆ ಕೇಳಿಕೊಂಡು ಬರುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: "ಮೇಡಂ, ನನ್ನ ಧ್ವನಿಯೇ ಚೆನ್ನಾಗಿಲ್ಲ."

ಅವರ ಮಾತನ್ನು ಮುದ್ರಿಸಿಕೊಂಡು ಕೇಳಿದರೆ ಕಂಠದಲ್ಲೇ ದೋಷವಿರುವುದು ತೀರಾ ಅಪರೂಪ. ವಾಕ್ಯದ ಮೊದಲ ಭಾಗ ಗಟ್ಟಿಯಾಗಿಯೂ ಸ್ಪಷ್ಟವಾಗಿಯೂ ಇರುತ್ತದೆ. ಕೊನೆಯ ಎರಡು ಮೂರು ಪದಗಳು ಬರುವ ಹೊತ್ತಿಗೆ ಉಸಿರು ತೀರಿ, ದನಿ ಗಂಟಲಲ್ಲೇ ಉಳಿದುಬಿಡುತ್ತದೆ. ಕನ್ನಡದಲ್ಲಿ ಮಾತನಾಡುವವರಿಗೆ ಇದು ಸಣ್ಣ ಕೊರತೆಯಲ್ಲ, ಏಕೆಂದರೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕಟ್ಟಕಡೆಗೆ. ಕೆಲಸ ಆಯಿತೋ ಆಗಲಿದೆಯೋ, ಮಾಡಬೇಕೋ ಮಾಡಬಾರದೋ, ಮಾಡಿದವರು ಒಬ್ಬರೋ ಹಲವರೋ ಎಂಬುದೆಲ್ಲ ತೀರ್ಮಾನವಾಗುವುದು ಆ ಕೊನೆಯ ಪದದಲ್ಲಿ. ಅದನ್ನು ನುಂಗಿಕೊಂಡವರು ವಾಕ್ಯದ ಉಳಿದ ಭಾಗವನ್ನು ಎಷ್ಟೇ ಸೊಗಸಾಗಿ ಹೇಳಿದ್ದರೂ ಕೇಳುಗರ ಕೈಗೆ ವಿಷಯವನ್ನು ಒಪ್ಪಿಸಿದಂತಾಗುವುದಿಲ್ಲ.

ತರಬೇತಿಯ ಒಂದು ದಿನ ಇದು ನನಗೆ ಬಹಳ ಸ್ಪಷ್ಟವಾಗಿ ಕಾಣಿಸಿತು. ರೈತರ ಕಾರ್ಯಕ್ರಮಕ್ಕಾಗಿ ಬರೆದಿದ್ದ ಸಲಹೆಯನ್ನು ಹುಡುಗನೊಬ್ಬ ಸ್ಟುಡಿಯೋದಲ್ಲಿ ಅಭ್ಯಾಸಕ್ಕೆಂದು ಓದುತ್ತಿದ್ದ. ವಾಕ್ಯ ಹೀಗಿತ್ತು: "ಸೂರ್ಯಕಾಂತಿ ಬೆಳೆ ಹೂಬಿಟ್ಟಿರುವ ಅವಧಿಯಲ್ಲಿ, ಪರಾಗಸ್ಪರ್ಶಕ್ಕೆ ನೆರವಾಗುವ ಜೇನುನೊಣಗಳು ಹೊಲದಲ್ಲಿ ಹಾರಾಡುವ ಬೆಳಗಿನ ಹೊತ್ತು, ಕೀಟನಾಶಕವನ್ನು ಸಿಂಪಡಿಸಬಾರದು." ಗಾಜಿನ ಈಚೆ ಬದಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಪ್ರತಿ ಇಟ್ಟುಕೊಳ್ಳದೆ ನಾನು ಕೇಳುತ್ತಿದ್ದೆ. "ಸಿಂಪಡಿಸ" ಎಂಬಲ್ಲಿಯವರೆಗೆ ಕೇಳಿಸಿತು, ಮುಂದಿನದು ಕೇಳಿಸಲಿಲ್ಲ. ಅದೇ ಧ್ವನಿಮುದ್ರಣವನ್ನು ಇಬ್ಬರು ಸಹೋದ್ಯೋಗಿಗಳಿಗೆ ಕೇಳಿಸಿ, ಕೊನೆಯ ಪದವನ್ನು ಬರೆದುಕೊಡಿ ಎಂದೆ. ಒಬ್ಬರು "ಸಿಂಪಡಿಸಬೇಕು" ಎಂದು ಬರೆದರು, ಮತ್ತೊಬ್ಬರು "ಸಿಂಪಡಿಸಬಹುದು" ಎಂದು ಬರೆದರು. ಹೊಲದ ಬದುವಿನ ಮೇಲೆ ಕುಳಿತು ಮೊಬೈಲಿನಲ್ಲಿ ರೇಡಿಯೋ ಕೇಳುವ ರೈತನಿಗೆ, ಮಗದೊಮ್ಮೆ ಹೇಳಿ ಎಂದು ಕೇಳುವ ಅವಕಾಶ ಇರುವುದಿಲ್ಲ. ಆ ಹುಡುಗನಿಗೆ ನಾನು ಗಟ್ಟಿಯಾಗಿ ಓದು ಎಂದು ಹೇಳಲಿಲ್ಲ. "ಬೆಳಗಿನ ಹೊತ್ತು" ಎಂಬುದರ ಮುಂದೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅಲ್ಲಿ ಉಸಿರು ತೆಗೆದುಕೊಂಡು ಮುಂದುವರಿಯಲು ಹೇಳಿದೆ. ಅದೇ ಕಂಠ, ಅದೇ ಮೈಕು, ಆದರೆ "ಬಾರದು" ಎಂಬುದು ಈ ಬಾರಿ ಪೂರ್ತಿಯಾಗಿ ಬಂದಿತು. ಅವನ ಮುಖ ಸಡಿಲವಾದದ್ದು ಗಾಜಿನ ಆಚೆಯಿಂದಲೂ ಕಾಣುತ್ತಿತ್ತು.

ಇದರ ಹಿಂದಿರುವ ಕಾರಣ ಸರಳವಾದದ್ದು. ಧ್ವನಿಪೆಟ್ಟಿಗೆಯಲ್ಲಿರುವ ಎರಡು ಧ್ವನಿತಂತುಗಳು ಶ್ವಾಸಕೋಶದಿಂದ ಮೇಲೆ ಬರುವ ಗಾಳಿಯ ಒತ್ತಡಕ್ಕೆ ಕಂಪಿಸಿದಾಗ ಧ್ವನಿ ಹುಟ್ಟುತ್ತದೆ. ಸಾಮಾನ್ಯ ಮಾತಿನಲ್ಲಿ ವಯಸ್ಕ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರವು ಸುಮಾರು 200 ಬಾರಿ ಕಂಪಿಸುತ್ತವೆ. ಆ ಕಂಪನಕ್ಕೆ ಬೇಕಾದ ಬಲವೆಲ್ಲ ಗಾಳಿಯದು. ಗಾಳಿ ತೀರುತ್ತಿದ್ದಂತೆ ಮಾತುಗಾರ ತನಗರಿವಿಲ್ಲದೆಯೇ ಗಂಟಲಿನ ಸ್ನಾಯುಗಳನ್ನು ಬಿಗಿದು ಉಳಿದ ಪದಗಳನ್ನು ತಳ್ಳಲು ನೋಡುತ್ತಾನೆ. ಆಗ ದನಿ ಒಡೆಯುತ್ತದೆ, ನಡುಗುತ್ತದೆ, ಇಲ್ಲವೇ ಇಳಿದು ಮಾಯವಾಗುತ್ತದೆ. ಅಂಜಿಕೆ ಇದಕ್ಕೆ ಬಂದು ಸೇರುವುದು ಹೀಗೆ: ಹೆದರಿದ ದೇಹ ಹೆಗಲನ್ನು ಮೇಲೆತ್ತಿ, ಎದೆಯ ಮೇಲ್ಭಾಗದಲ್ಲಷ್ಟೇ ಗಾಳಿ ತುಂಬಿಕೊಂಡು, ಮೇಲುಸಿರಿನಲ್ಲಿ ಮಾತನಾಡಲು ತೊಡಗುತ್ತದೆ. ಮೇಲುಸಿರು ಬೇಗ ಮುಗಿಯುತ್ತದೆಂದು ಮಾತಿನ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಉಸಿರಾಡಲು ಎಡೆ ಸಿಗುವುದಿಲ್ಲ. ತನ್ನ ದನಿ ನಡುಗುವುದು ತನ್ನ ಕಿವಿಗೇ ಬಿದ್ದಾಗ ಮಾತುಗಾರ ಇನ್ನಷ್ಟು ಹೆದರುತ್ತಾನೆ. ಆದ್ದರಿಂದ "ಧೈರ್ಯ ತಂದುಕೊಳ್ಳಿ" ಎಂಬ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಅದು ಒಳ್ಳೆಯ ಮನಸ್ಸಿನಿಂದ ಹೇಳುವ ಮಾತಾದರೂ ಕೇಳಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕೆಂದು ತೋರಿಸಿಕೊಟ್ಟರೆ ಅದನ್ನು ಮಾಡಬಹುದು, ಮತ್ತು ಮಾಡಿದ ಕೂಡಲೇ ಫಲವೂ ಕಿವಿಗೆ ಬೀಳುತ್ತದೆ.

ಅಭ್ಯಾಸವನ್ನು ಅಂಗಾತ ಮಲಗಿ ಆರಂಭಿಸುವುದು ಒಳ್ಳೆಯದು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಎಳೆದುಕೊಂಡಾಗ ಕೈ ಮೇಲೇಳಬೇಕು, ಹೆಗಲು ಅಲುಗಬಾರದು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಕೆಳಗಿಳಿದು ಶ್ವಾಸಕೋಶಕ್ಕೆ ಜಾಗ ಮಾಡಿಕೊಡುತ್ತಿದೆ ಎಂಬುದಕ್ಕೆ ಅದೇ ಗುರುತು. ನಂತರ "ಸ್" ಎಂದು ಒಂದೇ ಸಮನಾಗಿ, ಏರಿಳಿತವಿಲ್ಲದೆ ಗಾಳಿಯನ್ನು ಬಿಡುತ್ತ ಹೋಗಬೇಕು. ಎಷ್ಟು ಹೊತ್ತು ಬಿಟ್ಟಿರಿ ಎನ್ನುವುದಕ್ಕಿಂತ ಎಷ್ಟು ಸಮನಾಗಿ ಬಿಟ್ಟಿರಿ ಎನ್ನುವುದು ಮುಖ್ಯ. ಇದು ಕೈಹತ್ತಿದ ಮೇಲೆ ನಾನು ಎಲ್ಲರಿಗೂ ಕೊಡುವುದು ಭಾಮಿನಿ ಷಟ್ಪದಿಯ ಪದ್ಯಗಳನ್ನು. ಅಕ್ಷರ ನುಡಿಯಲು ಹಿಡಿಯುವ ಕಾಲವನ್ನು ಮಾತ್ರೆಗಳಲ್ಲಿ ಅಳೆಯುವ ಈ ಛಂದಸ್ಸಿನಲ್ಲಿ ಮೊದಲ ಎರಡು ಸಾಲುಗಳಿಗೆ ತಲಾ 14 ಮಾತ್ರೆ, ಮೂರನೆಯ ಸಾಲಿಗೆ 23 ಮಾತ್ರೆ. ಉಳಿದ ಮೂರು ಸಾಲುಗಳಲ್ಲೂ ಇದೇ ಲೆಕ್ಕ. ಮೊದಲು ಸಾಲಿಗೊಂದು ಉಸಿರಿನಂತೆ ಓದಬೇಕು. ಕೆಲವು ದಿನಗಳ ನಂತರ ಮೊದಲ ಎರಡು ಸಾಲುಗಳನ್ನು ಒಂದೇ ಉಸಿರಿನಲ್ಲಿ, ಮೂರನೆಯ ದೊಡ್ಡ ಸಾಲನ್ನು ಇನ್ನೊಂದು ಉಸಿರಿನಲ್ಲಿ ಓದಬೇಕು. ಕೊನೆಗೆ ಅರ್ಧ ಪದ್ಯವನ್ನು, ಎಂದರೆ 51 ಮಾತ್ರೆಗಳನ್ನು, ಅವಸರವಿಲ್ಲದೆ ಒಂದೇ ಉಸಿರಿಗೆ ಓದಿ, ಮೂರನೆಯ ಸಾಲಿನ ಕೊನೆಯಲ್ಲಿ ಬರುವ ಗುರುವನ್ನು, ಎಂದರೆ ಎರಡು ಮಾತ್ರೆಯ ಅಕ್ಷರವನ್ನು, ಮೊದಲ ಅಕ್ಷರದಷ್ಟೇ ಗಟ್ಟಿಯಾಗಿ ನಿಲ್ಲಿಸುವುದು ಸಾಧ್ಯವಾಗುತ್ತದೆ. ಮೂರು-ನಾಲ್ಕು ಮಾತ್ರೆಗಳ ಗಣಗಳು, ಎಂದರೆ ಅಕ್ಷರಗಳ ಗುಂಪುಗಳು, ಒಂದಾದ ಮೇಲೊಂದು ಬರುವುದರಿಂದ ಓದುವವನು ಓಡಲಾರ. ಛಂದಸ್ಸೇ ಅವನ ವೇಗವನ್ನು ಹಿಡಿದಿಡುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಗಂಟೆಗಟ್ಟಲೆ ವಾಚನ ಮಾಡಿದರೂ ದನಿ ಸೋಲದಿರುವುದನ್ನು ಕಂಡವರಿಗೆ ಈ ಅಭ್ಯಾಸದ ಬೆಲೆ ತಿಳಿದಿರುತ್ತದೆ. ವ್ಯಕ್ತಿತ್ವ ವಿಕಸನದ ಶಿಬಿರಗಳಿಗೆ ದುಡ್ಡು ಕೊಡುವ ಮೊದಲು ನಮ್ಮ ಊರಿನ ಗಮಕಿಯೊಬ್ಬರ ಬಳಿ ಕುಳಿತು ನಾಲ್ಕು ಪದ್ಯ ಓದುವುದನ್ನು ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಗದದ ಮೇಲಿನ ಬರಹವನ್ನೂ ಬಾಯಿಗೆ ಒಗ್ಗುವಂತೆ ಸಿದ್ಧಮಾಡಿಕೊಳ್ಳಬೇಕು. ನಮ್ಮಲ್ಲಿ ಪ್ರತಿಯನ್ನು ಹಾಳೆಯ ಒಂದೇ ಮಗ್ಗುಲಿಗೆ ಬರೆಯುತ್ತೇವೆ ಮತ್ತು ಒಂದು ವಾಕ್ಯವನ್ನು ಎರಡು ಹಾಳೆಗಳಿಗೆ ಹಂಚುವುದಿಲ್ಲ, ಏಕೆಂದರೆ ಹಾಳೆ ತಿರುವುವ ಗಡಿಬಿಡಿಯಲ್ಲಿ ಕ್ರಿಯಾಪದ ಕಳೆದುಹೋಗುತ್ತದೆ. ದೊಡ್ಡ ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆದುಕೊಳ್ಳುತ್ತೇವೆ. 1,37,50,000 ಎಂಬುದನ್ನು ಕಂಡು ಕಣ್ಣು ಸೊನ್ನೆ ಎಣಿಸುತ್ತ ನಿಂತರೆ ನಾಲಗೆಯೂ ನಿಲ್ಲುತ್ತದೆ. ಕಣ್ಣಿಗೆ ಹಿತವಾದ ಉದ್ದ ವಾಕ್ಯ ಕಿವಿಗೆ ಹೊರೆಯಾಗುವುದರಿಂದ, ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಬಂದು ಸೇರಿಕೊಂಡ "ಆದ್ದರಿಂದ", "ಆಗಿರುವ", "ಎಂಬ" ಮುಂತಾದವುಗಳನ್ನು ಬಿಡಿಸಿ ಎರಡು ವಾಕ್ಯ ಮಾಡುತ್ತೇವೆ. ಮೇಲೆ ಹೇಳಿದ ಸೂರ್ಯಕಾಂತಿಯ ಸಲಹೆ ಕೊನೆಗೆ ಪ್ರಸಾರವಾದದ್ದು ಹೀಗೆ: "ಸೂರ್ಯಕಾಂತಿ ಹೂಬಿಟ್ಟಿರುವಾಗ ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸಬಾರದು. ಆ ಹೊತ್ತಿನಲ್ಲಿ ಜೇನುನೊಣಗಳು ಹೂವಿಗೆ ಬರುತ್ತವೆ."

ಧ್ವನಿಯ ಸ್ಥಾಯಿಯ ಬಗ್ಗೆಯೂ ಒಂದು ಮಾತು. ರೇಡಿಯೋ ಎಂದರೆ ಗಂಭೀರವಾದ ದನಿ ಇರಬೇಕೆಂದು ಭಾವಿಸಿ ಹಲವರು ತಮ್ಮ ದನಿಯನ್ನು ಬಲವಂತವಾಗಿ ಕೆಳಕ್ಕೆ ತಳ್ಳಿ ಮಾತನಾಡುತ್ತಾರೆ. ವೇದಿಕೆಯಲ್ಲಿ ಇದರ ವಿರುದ್ಧವಾಗಿ ದನಿಯನ್ನು ಮೇಲಕ್ಕೇರಿಸಿ ಕೂಗುತ್ತಾರೆ. ಎರಡರಿಂದಲೂ ಗಂಟಲು ದಣಿಯುತ್ತದೆ. ತಮ್ಮ ಸಹಜ ಸ್ಥಾಯಿಯನ್ನು ಕಂಡುಕೊಳ್ಳಲು, ಮನೆಯವರು ಹೇಳುವ ಮಾತಿಗೆ "ಹೂಂ, ಹೂಂ" ಎಂದು ಸಮಾಧಾನವಾಗಿ ಓಗೊಡುವಾಗ ದನಿ ಎಲ್ಲಿ ನಿಲ್ಲುತ್ತದೆಂದು ಗಮನಿಸಿದರೆ ಸಾಕು. ಅದೇ ಸ್ಥಾಯಿಯಲ್ಲಿ ಮೊದಲ ವಾಕ್ಯವನ್ನು ಆರಂಭಿಸಬೇಕು.

ಉಚ್ಚಾರಣೆಯ ವಿಷಯದಲ್ಲಿ ಜನರು ಅನುಭವಿಸುವ ಸಂಕೋಚ ನನಗೆ ನಿಜವಾಗಿಯೂ ನೋವುಂಟುಮಾಡುತ್ತದೆ. ಹಳೆಯ ಮೈಸೂರು ಭಾಗದ ಹಳ್ಳಿಗಳಿಂದ ಬಂದವರು ಹಕಾರ ತಪ್ಪೀತೆಂದು ಹೆದರಿ ಬಾಯಿ ತೆರೆಯುವುದೇ ಇಲ್ಲ. ಇನ್ನು ಕೆಲವರು ಆ ಹೆದರಿಕೆಯಲ್ಲಿ ಹಕಾರವಿಲ್ಲದ ಕಡೆಯಲ್ಲೂ ಅದನ್ನು ತಂದು ಸೇರಿಸುತ್ತಾರೆ. ಉತ್ತರ ಕರ್ನಾಟಕದವರಿಗೂ ಕರಾವಳಿಯವರಿಗೂ ತಮ್ಮ ರಾಗವನ್ನು ಅಡಗಿಸಬೇಕೆಂಬ ಒತ್ತಡ ಇದ್ದೇ ಇದೆ. ಅಲ್ಪಪ್ರಾಣ-ಮಹಾಪ್ರಾಣ, ನ-ಣ, ಲ-ಳ, ಸ-ಶ ಇವುಗಳನ್ನು ತಿದ್ದಿಕೊಳ್ಳಬೇಕಾದದ್ದು ಅರ್ಥ ಕೆಡದಿರಲಿ ಎಂಬ ಕಾರಣಕ್ಕೆ, ಮತ್ತು ದಿನಕ್ಕೆ ಹತ್ತು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸದಿಂದ ಅದು ಸಾಧ್ಯ. ಊರಿನ ರಾಗವನ್ನು ಬಿಟ್ಟುಬಿಡಬೇಕಾಗಿಲ್ಲ. ಅದನ್ನು ಮುಚ್ಚಿಡಲು ಹೊರಟವರ ಗಮನವೆಲ್ಲ ತಮ್ಮ ಮೇಲೆಯೇ ನಿಂತು, ಹೇಳಬೇಕಾದ ವಿಷಯ ಹಿಂದೆ ಬೀಳುತ್ತದೆ.

ಯಾರೊಡನೆ ಮಾತನಾಡುತ್ತಿದ್ದೇವೆ ಎಂಬುದು ಸ್ಪಷ್ಟವಾದರೆ ಅರ್ಧ ಅಂಜಿಕೆ ಹೋಗುತ್ತದೆ. ತೋಟದಲ್ಲಿ ರೈತರ ನಡುವೆ ನಿಂತು ನಿರರ್ಗಳವಾಗಿ ಮಾತನಾಡುವ ಕೃಷಿ ಅಧಿಕಾರಿಯೊಬ್ಬರು ಸಂದರ್ಶನಕ್ಕೆ ಬಂದು ಮೈಕಿನ ಮುಂದೆ ಕುಳಿತೊಡನೆ ಸುತ್ತೋಲೆಯ ಭಾಷೆಯಲ್ಲಿ ಮಾತನಾಡತೊಡಗಿದರು. ಅವರ ಕೈಯಲ್ಲಿದ್ದ ಕಾಗದವನ್ನು ಕೇಳಿ ಪಡೆದು, "ಸಾರ್, ನಮ್ಮ ತೆಂಗಿನ ಮರದಲ್ಲಿ ಸುಳಿ ಒಣಗ್ತಾ ಇದೆ, ಏನು ಮಾಡಲಿ?" ಎಂದು ಕೇಳಿದೆ. "ಮೊದಲು ಎಷ್ಟು ದಿನದಿಂದ ಹೀಗಿದೆ ಹೇಳಮ್ಮ" ಎಂದು ಅವರು ನನ್ನ ಕಡೆ ತಿರುಗಿದ ಕ್ಷಣದಿಂದ ದನಿಯೂ ಉಸಿರೂ ತಮ್ಮ ಜಾಗಕ್ಕೆ ಬಂದವು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಮನೆಯೊಂದರಿಂದ ಹೊರಟು ಮನೆಗಳನ್ನು ತಲುಪುವ ಮಾತು ಸಭೆಯನ್ನು ಉದ್ದೇಶಿಸಿದ ಮಾತಾಗಿರಬೇಕಾಗಿಲ್ಲ. ವೇದಿಕೆಯಲ್ಲೂ ಹೀಗೆಯೇ: ಸಭಾಂಗಣದ ಮೂರನೆಯ ಸಾಲಿನಲ್ಲಿ ಒಬ್ಬರನ್ನು, ಹಿಂದಿನ ಸಾಲಿನಲ್ಲಿ ಇನ್ನೊಬ್ಬರನ್ನು ನೋಡಿ, ಒಂದು ವಾಕ್ಯ ಪೂರ್ತಿಯಾಗುವವರೆಗೆ ಅವರೊಬ್ಬರಿಗೇ ಹೇಳಬೇಕು.

ನಮ್ಮ ಸಭೆಗಳಲ್ಲಿ ವೇದಿಕೆಯ ಮೇಲಿರುವ ಗಣ್ಯರನ್ನೆಲ್ಲ ಹೆಸರು ಹಿಡಿದು ಸಂಬೋಧಿಸುವ ಪದ್ಧತಿಯಿದೆ. ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬನ್ನಿ ಎಂದು ಹೇಳಿಕೊಡುವವರಿದ್ದಾರೆ; ನಾನು ಅದನ್ನು ಒಪ್ಪುವುದಿಲ್ಲ. ಹೆಸರುಗಳನ್ನು ಅವಸರದಲ್ಲಿ ಹೇಳಲಾಗದು, ಒಂದೊಂದರ ನಂತರವೂ ನಿಲ್ಲಲೇಬೇಕು. ಆ ನಿಲುಗಡೆಗಳಲ್ಲಿ ಉಸಿರು ತಹಬಂದಿಗೆ ಬರುತ್ತದೆ, ಕಿವಿ ಸಭಾಂಗಣದ ಪ್ರತಿಧ್ವನಿಗೆ ಹೊಂದಿಕೊಳ್ಳುತ್ತದೆ, ಮೈಕಿನ ದೂರ ತಿಳಿಯುತ್ತದೆ. ಸ್ಟುಡಿಯೋದ ಮೈಕಿಗೆ ಸುಮಾರು ಒಂದು ಗೇಣು ದೂರವಿರಬೇಕಾದರೆ, ವೇದಿಕೆಯ ಮೈಕಿಗೆ ನಾಲ್ಕು ಬೆರಳಿನಷ್ಟು ಅಂತರ ಸಾಕು. ಪ, ಫ, ಬ, ಭ ಬಂದಾಗ ಗಾಳಿ ನೇರವಾಗಿ ಬಡಿಯದಂತೆ ಬಾಯಿ ಸ್ವಲ್ಪ ಓರೆಯಾಗಿರಬೇಕು. ಭಾಷಣದ ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ಬಾಯಿಪಾಠ ಮಾಡಿಕೊಳ್ಳಬೇಕು. "ಇಷ್ಟು ಹೇಳಿ ನನ್ನ ಮಾತನ್ನು" ಎನ್ನುವಷ್ಟರಲ್ಲಿ ಕುರ್ಚಿಯ ಕಡೆ ತಿರುಗಿಬಿಡುವವರನ್ನು ಎಲ್ಲ ಸಭೆಗಳಲ್ಲೂ ನೋಡುತ್ತೇನೆ. "ಮುಗಿಸುತ್ತೇನೆ, ನಮಸ್ಕಾರ" ಎಂಬುದು ಮೈಕಿಗೆ ಸಿಗುವುದೇ ಇಲ್ಲ, ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಸಭೆ ಅನುಮಾನಿಸುತ್ತದೆ.

ಅಭ್ಯಾಸ ಮಾಡುವಾಗ ಫೋನಿನಲ್ಲಿ ಮುದ್ರಿಸಿಕೊಂಡು ಕೇಳಬೇಕು, ಆದರೆ ಎಲ್ಲ ದೋಷಗಳನ್ನೂ ಒಟ್ಟಿಗೆ ಹುಡುಕಲು ಹೋಗಬಾರದು. ಮೊದಮೊದಲು ತಮ್ಮ ದನಿ ತಮಗೇ ಅಪರಿಚಿತವಾಗಿ, ತೆಳುವಾಗಿ ಕೇಳಿಸುತ್ತದೆ. ನಮ್ಮ ಮಾತನ್ನು ನಾವು ಕೇಳುವಾಗ ತಲೆಬುರುಡೆಯ ಮೂಳೆಗಳ ಮೂಲಕವೂ ಕಂಪನ ಒಳಕಿವಿಯನ್ನು ತಲುಪಿ ದನಿಗೆ ಭಾರ ಕೊಡುತ್ತಿರುತ್ತದೆ, ಧ್ವನಿಮುದ್ರಣದಲ್ಲಿ ಅದು ಇರುವುದಿಲ್ಲ. ಈ ಕಾರಣ ತಿಳಿಯದೆ ಎಷ್ಟೋ ಮಂದಿ ಮೊದಲ ದಿನವೇ ಅಭ್ಯಾಸ ನಿಲ್ಲಿಸಿದ್ದಾರೆ. ಆರಂಭದ ವಾರಗಳಲ್ಲಿ ವಾಕ್ಯಗಳ ಕೊನೆಯ ಪದವೊಂದನ್ನೇ ಆಲಿಸಿ, ಅದು ಕೇಳಿಸಿತೋ ಇಲ್ಲವೋ ಎಂದು ಗುರುತು ಹಾಕಿಕೊಂಡರೆ ಸಾಕು.

ಕೊನೆಯದಾಗಿ ಗಂಟಲಿನ ಆರೈಕೆ. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುತ್ತಿರಬೇಕು. ಭಾಷಣಕ್ಕೆ ಐದು ನಿಮಿಷ ಮೊದಲು ಒಂದು ಲೋಟ ಕುಡಿದರೆ ಧ್ವನಿತಂತುಗಳಿಗೆ ತಕ್ಷಣ ಪ್ರಯೋಜನವಿಲ್ಲ. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದರಿಂದ ತಂತುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ, ಅದರ ಬದಲು ಎಂಜಲು ನುಂಗುವುದು ಲೇಸು. ದನಿ ಕಟ್ಟಿದಾಗ ಪಿಸುಮಾತಿನಲ್ಲಿ ಮಾತನಾಡಿದರೆ ಗಂಟಲಿಗೆ ವಿಶ್ರಾಂತಿ ಸಿಗುವುದೆಂಬ ನಂಬಿಕೆ ಸರಿಯಲ್ಲ, ಅದಕ್ಕಿಂತ ಮೌನವಾಗಿರುವುದೇ ಒಳ್ಳೆಯದು. ಶುಂಠಿ ಕಷಾಯ ಗಂಟಲಿಗೆ ಹಿತವೆನಿಸಬಹುದು, ಆದರೆ ಅದು ಹೋಗುವುದು ಅನ್ನನಾಳಕ್ಕೆ, ಧ್ವನಿತಂತುಗಳಿಗಲ್ಲ. ಅರವತ್ತು ಮಕ್ಕಳಿರುವ ತರಗತಿಯಲ್ಲಿ ದಿನಕ್ಕೆ ಐದಾರು ಪಾಠ ಮಾಡುವ ಶಿಕ್ಷಕರು ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಎಚ್ಚರವಾಗಿರಬೇಕು. ಮೂರು ನಾಲ್ಕು ವಾರ ಕಳೆದರೂ ದನಿ ಒಡೆದೇ ಇದ್ದರೆ ಉಸಿರಿನ ಅಭ್ಯಾಸವನ್ನು ಬದಿಗಿಟ್ಟು ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿಯ ತೊಂದರೆಗಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವ ತಜ್ಞರಿದ್ದಾರೆ. ಮಾತನ್ನೇ ನಂಬಿ ಬದುಕುವ ಹಲವರಿಗೆ ಅಲ್ಲಿಗೆ ಹೋಗಿ ಎಂದು ನಾನು ಹೇಳಿ ಕಳುಹಿಸಿದ್ದೇನೆ.