ಜನವರಿ ವಿಂಡೋ ಲೆಕ್ಕದ ಶೀಟ್: ಆದದ್ದು, ಆಗಬೇಕಾದದ್ದು

ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್‌ನ ಕ್ಲಬ್ಬೊಂದು ಜನವರಿಯ ವಿಂಡೋದಲ್ಲಿ, ಅಂದರೆ ವರ್ಗಾವಣೆಗೆ ಅವಕಾಶವಿರುವ ಅವಧಿಯಲ್ಲಿ, ಆಟಗಾರನನ್ನು ಕೊಂಡರೆ ಅಥವಾ ಮಾರಿದರೆ ಆ ಸೀಸನ್ನಿನ ಲಾಭ-ನಷ್ಟದ ಮೇಲೆ ಎಷ್ಟು ಹೊರೆ ಬೀಳುತ್ತದೆ, ಎಷ್ಟು ಇಳಿಯುತ್ತದೆ ಎಂದು ತೋರಿಸುವ ಸ್ಪ್ರೆಡ್‌ಶೀಟ್ ಇದು. ಮಿತಿ, ಖರೀದಿ, ಮಾರಾಟ ಎಂಬ ಮೂರು ಟ್ಯಾಬ್ ಸಿದ್ಧವಾಗಿವೆ. ಲೋನ್ (ಆಟಗಾರನನ್ನು ತಾತ್ಕಾಲಿಕವಾಗಿ ಬೇರೆ ಕ್ಲಬ್‌ಗೆ ಕಳಿಸುವುದು) ಟ್ಯಾಬ್ ಅರ್ಧ ಆಗಿದೆ. 2026-27ರಿಂದ ಜಾರಿಗೆ ಬರುವ ನಿಯಮದ ಟ್ಯಾಬ್ ಈಗಷ್ಟೇ ಶುರು. ಮೊತ್ತಗಳೆಲ್ಲ ಪೌಂಡ್‌ನಲ್ಲಿ, ಲಕ್ಷ-ಕೋಟಿ ಲೆಕ್ಕದಲ್ಲಿ.

ಮಿತಿ ಟ್ಯಾಬ್

ಪಿಎಸ್‌ಆರ್, ಅಂದರೆ ಕ್ಲಬ್‌ಗಳ ನಷ್ಟಕ್ಕೆ ಲೀಗ್ ಹಾಕಿರುವ ಮಿತಿಯ ನಿಯಮ, ನೋಡುವುದು ಮೂರು ಸೀಸನ್ನುಗಳ ಒಟ್ಟು ನಷ್ಟವನ್ನು. ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ಸೀಸನ್‌ಗೆ 3.5 ಕೋಟಿ, ಅದರ ಕೆಳಗಿನ ಹಂತದ ಚಾಂಪಿಯನ್‌ಷಿಪ್‌ನಲ್ಲಿ ಆಡಿದ ಸೀಸನ್‌ಗೆ 1.3 ಕೋಟಿ. ಮೂರೂ ವರ್ಷ ಮೇಲಿನ ಲೀಗ್‌ನಲ್ಲಿದ್ದ ಕ್ಲಬ್‌ಗೆ 10.5 ಕೋಟಿ ಸಿಗುತ್ತದೆ. ಆದರೆ ಅದರಲ್ಲಿ 1.5 ಕೋಟಿ ಬಿಟ್ಟು ಉಳಿದ 9 ಕೋಟಿಯನ್ನು ಮಾಲೀಕರು ಸಾಲವಾಗಿ ಅಲ್ಲ, ಬಂಡವಾಳವಾಗಿ ತುಂಬಿರಬೇಕು. ಅದಕ್ಕೇ ಈ ಟ್ಯಾಬ್‌ನಲ್ಲಿ ಪ್ರತಿ ಸೀಸನ್‌ಗೆ ಲೀಗ್ ಯಾವುದು ಎಂಬ ಕಾಲಂ ಇದೆ, ಮಾಲೀಕರ ಬಂಡವಾಳ ಬಂದಿದೆಯೇ ಎಂಬ ಕಾಲಂ ಬೇರೆ ಇದೆ.

ನಷ್ಟ ಎಂದರೆ ತೆರಿಗೆಗೆ ಮುಂಚಿನ ನಷ್ಟ. ಅದರಿಂದ ಯುವ ಅಕಾಡೆಮಿ, ಮಹಿಳಾ ತಂಡ, ಸಮುದಾಯ ಕಾರ್ಯಕ್ರಮಗಳ ಖರ್ಚು ಮತ್ತು ಕ್ರೀಡಾಂಗಣ, ತರಬೇತಿ ಮೈದಾನದಂಥ ಆಸ್ತಿಗಳ ಸವಕಳಿಯನ್ನು ಕಳೆಯಬೇಕು. ಇದನ್ನು ಕಳೆಯದೆ ವಾರ್ಷಿಕ ವರದಿಯ ಅಂಕಿಯನ್ನೇ ತುಂಬಿದರೆ ನಿಯಮದೊಳಗಿರುವ ಕ್ಲಬ್ಬೂ ಕೆಂಪು ಬಣ್ಣದಲ್ಲಿ ಕಾಣುತ್ತದೆ. ಪತ್ರಿಕೆಗಳಲ್ಲಿ ಬರುವ ನಿವ್ವಳ ಖರ್ಚಿನ ಪಟ್ಟಿಯಂತೂ ಇಲ್ಲಿ ಉಪಯೋಗಕ್ಕೇ ಬರುವುದಿಲ್ಲ.

ಖರೀದಿ ಟ್ಯಾಬ್

ಇಡೀ ಶೀಟಿನ ಜೀವ ಇಲ್ಲಿದೆ. ಕೊಂಡ ಬೆಲೆ ಒಮ್ಮೆಗೇ ಖರ್ಚಾಗುವುದಿಲ್ಲ, ಒಪ್ಪಂದದ ಅವಧಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಇದೇ ಅಮಾರ್ಟೈಸೇಶನ್. ವರ್ಷದ ಲೆಕ್ಕ ಹಿಡಿದರೆ ಜನವರಿ ಖರೀದಿ ತಪ್ಪಾಗಿ ಕೂರುತ್ತದೆ, ತಿಂಗಳ ಲೆಕ್ಕವೇ ಬೇಕು. ಬಹುತೇಕ ಕ್ಲಬ್‌ಗಳ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಜನವರಿ ಕೊನೆಗೆ ಬಂದವನ ಪಾಲಿಗೆ ಈ ಸೀಸನ್ನಿನಲ್ಲಿ ಐದೇ ತಿಂಗಳು.

ಎಂಜೊ ಫೆರ್ನಾಂಡಿಸ್‌ನ ಖರೀದಿಯನ್ನು ಹಾಕಿ ನೋಡಿ. 2023ರ ಜನವರಿ 31ರಂದು ಚೆಲ್ಸಿ ಕೊಟ್ಟ ಬೆಲೆ 10.68 ಕೋಟಿ, ಒಪ್ಪಂದ 2031ರವರೆಗೆ. 2031ರ ಜೂನ್‌ವರೆಗೆ 101 ತಿಂಗಳು. ತಿಂಗಳಿಗೆ 10.57 ಲಕ್ಷ, ಆ ಸೀಸನ್ನಿಗೆ ಬೀಳುವುದು 52.9 ಲಕ್ಷ, ಮುಂದಿನ ಪೂರ್ಣ ವರ್ಷಕ್ಕೆ ಸುಮಾರು 1.27 ಕೋಟಿ. ಹತ್ತು ಕೋಟಿ ದಾಟಿದ ಖರೀದಿ ಆ ವರ್ಷದ ಪುಸ್ತಕದಲ್ಲಿ ಅರ್ಧ ಕೋಟಿಯಷ್ಟೇ!

ಈ ದಾರಿ ಈಗ ಮುಚ್ಚಿದೆ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 2023ರ ಬೇಸಿಗೆಯಿಂದ, ಪ್ರೀಮಿಯರ್ ಲೀಗ್ 2023ರ ಡಿಸೆಂಬರ್‌ನಿಂದ ಹಂಚಿಕೆಗೆ ಐದು ವರ್ಷದ ಗರಿಷ್ಠ ಮಿತಿ ಹಾಕಿವೆ. ಅದೇ ಬೆಲೆಯನ್ನು 60 ತಿಂಗಳಿಗೆ ಹಂಚಿದರೆ ಐದು ತಿಂಗಳಿಗೆ 89 ಲಕ್ಷ, ಪೂರ್ಣ ವರ್ಷಕ್ಕೆ 2.136 ಕೋಟಿ. ಶೀಟಿನಲ್ಲಿ ಒಪ್ಪಂದದ ದಿನಾಂಕ ನೋಡಿ 60 ತಿಂಗಳ ಮಿತಿ ಹಾಕುವ ಸೂತ್ರವಿದೆ. ಹಳೆಯ ಒಪ್ಪಂದಗಳಿಗೆ ಅದನ್ನು ಹಚ್ಚಬಾರದು. ಹಚ್ಚಿದರೆ ಚೆಲ್ಸಿಯ ಖರ್ಚು ಇರುವುದಕ್ಕಿಂತ ತುಂಬಾ ಜಾಸ್ತಿ ಬರುತ್ತದೆ.

ಬೆಲೆಯ ಸೆಲ್‌ಗೆ ಏಜೆಂಟ್ ಶುಲ್ಕವನ್ನೂ ಸೇರಿಸಬೇಕು, ಅದೂ ಇದೇ ರೀತಿ ಹಂಚಿಕೆಯಾಗುತ್ತದೆ. ಸಂಬಳ ಬೇರೆ ಸಾಲಿನಲ್ಲಿ. ವಾರಕ್ಕೆ ಒಂದು ಲಕ್ಷ ಪೌಂಡ್ ಪಡೆಯುವವನಿಗೆ ಫೆಬ್ರವರಿ 1ರಿಂದ ಜೂನ್ 30ರವರೆಗೆ 150 ದಿನ, ಅಂದರೆ 21.4 ವಾರ. ಅದರ ಮೇಲೆ ಉದ್ಯೋಗದಾತ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್, 2025ರ ಏಪ್ರಿಲ್‌ನಿಂದ 15%. ಒಟ್ಟು 24.6 ಲಕ್ಷ. ಈ ಹದಿನೈದನ್ನು ಮರೆಯುವವರೇ ಹೆಚ್ಚು.

ಹಣ ಕೈಬಿಡುವ ದಿನಾಂಕಗಳಿಗೆ ಪ್ರತ್ಯೇಕ ಕಾಲಂ ಇಟ್ಟಿದ್ದೇವೆ. ಮೂರು ಕಂತಿನಲ್ಲಿ ಕೊಟ್ಟರೂ ಒಂದೇ ಕಂತಿನಲ್ಲಿ ಕೊಟ್ಟರೂ ಪಿಎಸ್‌ಆರ್ ಲೆಕ್ಕ ಹೆಚ್ಚುಕಡಿಮೆ ಅದೇ, ಬ್ಯಾಂಕಿನ ಖಾತೆಯ ಪಾಡು ಮಾತ್ರ ಬೇರೆ.

ಮಾರಾಟ ಟ್ಯಾಬ್

ಖರೀದಿ ನಿಧಾನವಾಗಿ ಲೆಕ್ಕಕ್ಕೆ ಬರುತ್ತದೆ, ಮಾರಾಟ ಒಂದೇ ಏಟಿಗೆ. ಮಾರಿದ ಬೆಲೆಯಿಂದ ಉಳಿದ ಪುಸ್ತಕ ಮೌಲ್ಯ, ಅಂದರೆ ಕೊಂಡ ಬೆಲೆಯಲ್ಲಿ ಇನ್ನೂ ಖರ್ಚಾಗಿ ಹಂಚಿಕೆಯಾಗದ ಭಾಗ, ಕಳೆದರೆ ಸಿಗುವುದೇ ಆ ವರ್ಷದ ಲಾಭ ಅಥವಾ ನಷ್ಟ. 3 ಕೋಟಿಗೆ ಐದು ವರ್ಷದ ಒಪ್ಪಂದದಲ್ಲಿ ಬಂದವನ ಪುಸ್ತಕ ಮೌಲ್ಯ ಮೂರು ವರ್ಷದ ಬಳಿಕ 1.2 ಕೋಟಿ. 2 ಕೋಟಿಗೆ ಮಾರಿದರೆ 80 ಲಕ್ಷ ಲಾಭ, 1 ಕೋಟಿಗೆ ಮಾರಿದರೆ 20 ಲಕ್ಷ ನಷ್ಟ. ನಡುವೆ ಒಪ್ಪಂದ ಮೂರು ವರ್ಷ ವಿಸ್ತರಿಸಿದರೆ ಆ 1.2 ಕೋಟಿ ಐದು ವರ್ಷಕ್ಕೆ ಹೊಸದಾಗಿ ಹಂಚಿಹೋಗಿ ವರ್ಷದ ಹೊರೆ 60 ಲಕ್ಷದಿಂದ 24 ಲಕ್ಷಕ್ಕೆ ಇಳಿಯುತ್ತದೆ. ಅಷ್ಟೇ ನಿಧಾನಕ್ಕೆ ಪುಸ್ತಕ ಮೌಲ್ಯವೂ ಕರಗುವುದರಿಂದ ಮುಂದೆ ಮಾರುವಾಗ ಲಾಭ ತೆಳ್ಳಗಾಗುತ್ತದೆ. ವಿದೇಶಿ ಕ್ಲಬ್‌ಗೆ ಮಾರಿದರೆ ಫಿಫಾದ ಸಾಲಿಡಾರಿಟಿ ಪಾಲು (ಆಟಗಾರನನ್ನು ಎಳವೆಯಲ್ಲಿ ತರಬೇತಿ ಮಾಡಿದ ಕ್ಲಬ್‌ಗಳಿಗೆ ಸಲ್ಲುವುದು) 5%ವರೆಗೆ ಹೋಗುತ್ತದೆ, ಹಳೆಯ ಕ್ಲಬ್‌ಗೆ ಮರುಮಾರಾಟದ ಪಾಲು ಇದ್ದರೆ ಅದೂ ಕಳೆಯಬೇಕು.

ಪರೀಕ್ಷೆಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2022-23ಕ್ಕೆ ಮುಗಿದ ಮೂರು ವರ್ಷಗಳಲ್ಲಿ ಎರಡು ಚಾಂಪಿಯನ್‌ಷಿಪ್‌ನಲ್ಲಿ ಕಳೆದವು, ಹಾಗಾಗಿ ಮಿತಿ 1.3 + 1.3 + 3.5 = 6.1 ಕೋಟಿ. ಮೀರಿದ್ದು 3.45 ಕೋಟಿ. ಬ್ರೆನ್ನನ್ ಜಾನ್ಸನ್‌ನನ್ನು ಟಾಟೆನ್‌ಹ್ಯಾಮ್‌ಗೆ 4.75 ಕೋಟಿಗೆ ಮಾರಿದ್ದು 2023ರ ಸೆಪ್ಟೆಂಬರ್ 1ರಂದು. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನಾದ್ದರಿಂದ ಪುಸ್ತಕ ಮೌಲ್ಯ ಸೊನ್ನೆ. ದಿನಾಂಕದ ಸೆಲ್‌ನಲ್ಲಿ ಜೂನ್ 30 ಎಂದು ಬದಲಿಸಿದರೆ 3.45 ಕೋಟಿ ಮೀರಿದ ಜಾಗದಲ್ಲಿ 1.3 ಕೋಟಿ ಉಳಿಕೆ ಕಾಣುತ್ತದೆ. ಕಾದದ್ದಕ್ಕೇ ಒಳ್ಳೆಯ ಬೆಲೆ ಬಂತು ಎಂಬ ಕ್ಲಬ್ಬಿನ ವಾದ ವಿಚಾರಣೆ ನಡೆಸಿದ ಆಯೋಗದ ಮುಂದೆ ನಿಲ್ಲಲಿಲ್ಲ. 2024ರ ಮಾರ್ಚ್‌ನಲ್ಲಿ ಲೀಗ್ ಪಟ್ಟಿಯಲ್ಲಿ ನಾಲ್ಕು ಅಂಕ ಹೋದವು.

ಈ ಸೊನ್ನೆಯೇ ನಮಗೆ ಅತ್ಯಂತ ಬೇಸರ ತರಿಸುವ ಅಂಕಿ. ಹುಡುಗನಾಗಿದ್ದಾಗಿನಿಂದ ಕ್ಲಬ್ಬಿನಲ್ಲೇ ಬೆಳೆದವನನ್ನು ಮಾರಿದರೆ ಪೂರ್ತಿ ಬೆಲೆ ಲಾಭ, ದುಡ್ಡು ಸುರಿದು ತಂದವನನ್ನು ಮಾರಿದರೆ ಚೂರುಪಾರು. 2024ರ ಜೂನ್ ಕೊನೆಯಲ್ಲಿ ನ್ಯೂಕಾಸಲ್ ತನ್ನದೇ ಊರ ಕಡೆಯ ಎಲಿಯಟ್ ಆಂಡರ್ಸನ್‌ನನ್ನು ಬಿಟ್ಟುಕೊಟ್ಟದ್ದು ಆಟದ ಕಾರಣಕ್ಕಲ್ಲ. ಅಕಾಡೆಮಿಯ ಖರ್ಚನ್ನು ವಿನಾಯಿತಿ ಕೊಟ್ಟು ಪ್ರೋತ್ಸಾಹಿಸುವ ನಿಯಮವೇ ಅಲ್ಲಿ ಬೆಳೆದವರನ್ನು ಮೊದಲು ಮಾರುವಂತೆ ಮಾಡುವುದು ಸರಿಯಲ್ಲ.

ಕ್ಯಾಲೆಂಡರ್ ಸಾಲು

ಇದು ಹೊಸದಾಗಿ ಸೇರಿದ್ದು. 2023-24ರಿಂದ ಲೆಕ್ಕಪತ್ರ ಡಿಸೆಂಬರ್ 31ರೊಳಗೆ ಸಲ್ಲಿಕೆಯಾಗಬೇಕು, ಉಲ್ಲಂಘನೆ ಇದ್ದರೆ 14 ದಿನದೊಳಗೆ ಆರೋಪ ಬರುತ್ತದೆ. ಅಂದರೆ ವಿಂಡೋದ ನಟ್ಟನಡುವೆ. 2024ರ ಜನವರಿ 15ರಂದು ಎವರ್ಟನ್ ಮತ್ತು ಫಾರೆಸ್ಟ್ ಮೇಲೆ ಆರೋಪ ಹೊರಿಸಿದ್ದು ಹೀಗೆಯೇ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಎವರ್ಟನ್‌ನ ಹತ್ತು ಅಂಕ ಕಡಿತವಾಗಿತ್ತು, ಮೇಲ್ಮನವಿಯ ನಂತರ ಅದು ಆರಕ್ಕೆ ಇಳಿಯಿತು. ಲೆಕ್ಕಪರಿಶೋಧನಾ ಸಂಸ್ಥೆ ಡೆಲಾಯ್ಟ್ ಲೆಕ್ಕದಲ್ಲಿ 2023ರ ಜನವರಿಯಲ್ಲಿ ಲೀಗಿನ ಎಲ್ಲ ಕ್ಲಬ್‌ಗಳ ಒಟ್ಟು ಖರ್ಚು 81.5 ಕೋಟಿ ಇದ್ದದ್ದು 2024ರಲ್ಲಿ ಸುಮಾರು 10 ಕೋಟಿಗೆ ಕುಸಿಯಿತು.

ಲೋನ್ ಟ್ಯಾಬ್

ಪುಸ್ತಕ ಮೌಲ್ಯಕ್ಕಿಂತ ಕಡಿಮೆ ಬೆಲೆ ಬರುವ ಆಟಗಾರನನ್ನು ಜನವರಿಯಲ್ಲಿ ಮಾರದೆ ಲೋನ್‌ಗೆ ಕಳಿಸುವುದೇಕೆ ಎಂಬುದು ಈ ಟ್ಯಾಬ್‌ನಲ್ಲಿ ಸ್ಪಷ್ಟವಾಗುತ್ತದೆ: ನಷ್ಟ ಮುಂದಕ್ಕೆ ಹೋಗುತ್ತದೆ, ಸಂಬಳ ಇಳಿಯುತ್ತದೆ, ಲೋನ್ ಶುಲ್ಕ ಆದಾಯವಾಗುತ್ತದೆ. ಆದರೆ ಹಂಚಿಕೆಯ ಹೊರೆ ಮೂಲ ಕ್ಲಬ್ಬಿನಲ್ಲೇ ಉಳಿಯುತ್ತದೆ. ಅದನ್ನೂ ಪಡೆದ ಕ್ಲಬ್ಬಿಗೆ ಹಾಕಿದರೆ ಲೆಕ್ಕ ಕೆಡುತ್ತದೆ.

ಕೆಲಸ ಸಿಕ್ಕಿಕೊಂಡಿರುವುದು ಖರೀದಿಯ ಷರತ್ತಿನಲ್ಲಿ. ಬೇಕಿದ್ದರೆ ಕೊಳ್ಳಬಹುದು ಎಂದಿದ್ದರೆ ಅದು ಲೋನ್ ಮಾತ್ರ. ಕೊಳ್ಳಲೇಬೇಕು ಎಂದಿದ್ದರೆ ಯುಇಎಫ್‌ಎ ನಿಯಮದಲ್ಲಿ ಮೊದಲ ದಿನದಿಂದಲೇ ಮಾರಾಟ. ಇಷ್ಟು ಪಂದ್ಯ ಆಡಿದರೆ ಕೊಳ್ಳಬೇಕು ಎಂಬ ನಡುವಿನ ಬಗೆಗೆ ಷರತ್ತು ಈಡೇರುವುದು ಬಹುತೇಕ ಖಚಿತವೇ ಎಂದು ಕೈಯಾರೆ ಗುರುತು ಹಾಕುವ ಸೆಲ್ ಸದ್ಯಕ್ಕಿದೆ. ಸೂತ್ರದಿಂದ ಅದನ್ನು ತೀರ್ಮಾನಿಸಲಾಗದು.

ಮುಂದಿನ ಕೆಲಸ

2026-27ರಿಂದ ಪಿಎಸ್‌ಆರ್ ಜಾಗದಲ್ಲಿ ತಂಡದ ವೆಚ್ಚ (ಸಂಬಳ, ಬೆಲೆಯ ಹಂಚಿಕೆ, ಏಜೆಂಟ್ ಶುಲ್ಕ) ಆದಾಯದ 85% ಮೀರಬಾರದು ಎಂಬ ನಿಯಮ ಬರುತ್ತದೆ. ಯುರೋಪಿನಲ್ಲಿ ಆಡುವ ಕ್ಲಬ್‌ಗಳಿಗೆ ಯುಇಎಫ್‌ಎ ಮಿತಿ 70%, ಅಲ್ಲಿ ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಹಾಗಾಗಿ ಒಂದೇ ಜನವರಿ ಖರೀದಿ ಲೀಗ್‌ನ ಹಾಳೆಯಲ್ಲಿ ಐದು ತಿಂಗಳ ಖರ್ಚು, ಯುಇಎಫ್‌ಎ ಹಾಳೆಯಲ್ಲಿ ಹನ್ನೊಂದು ತಿಂಗಳದ್ದು. ಮಾರಾಟದ ಲಾಭವನ್ನು ಅಲ್ಲಿ ಮೂರು ವರ್ಷದ ಸರಾಸರಿಯಾಗಿ ಹಿಡಿಯುವುದರಿಂದ 4.75 ಕೋಟಿ ಲಾಭ ವರ್ಷಕ್ಕೆ 1.58 ಕೋಟಿಯಾಗಿ, ಅದರ 70%, ಅಂದರೆ ಸುಮಾರು 1.11 ಕೋಟಿಯಷ್ಟೇ ಹೆಚ್ಚುವರಿ ಖರ್ಚಿಗೆ ಜಾಗ ಕೊಡುತ್ತದೆ. ಎರಡೂ ಹಾಳೆಗಳು ಒಂದೇ ಖರೀದಿ ಟ್ಯಾಬ್‌ನಿಂದ ತಿಂಗಳವಾರು ಅಂಕಿ ಎಳೆದುಕೊಳ್ಳುವಂತೆ ಜೋಡಿಸುವ ಕೆಲಸ ನಡೆಯುತ್ತಿದೆ.