ತಿಥಿಯ ಮುಕ್ಕಾಲು

ಮಾರ್ಚ್ ತಿಂಗಳ ಒಂದು ಶನಿವಾರ ರಾತ್ರಿ. ಮಗಳು ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಏಳನೇ ಇಯತ್ತೆಯ ವಾರ್ಷಿಕ ಪರೀಕ್ಷೆ ಏಪ್ರಿಲ್‌ನಲ್ಲಿ. ಮುಂಬೈಯ ಭಾಂಡುಪ್‌ನ ನಮ್ಮ ಸಣ್ಣ ಮನೆಯಲ್ಲಿ ಅಷ್ಟೂ ವಿಷಯಗಳ ಪುಸ್ತಕ ಹರಡಿದರೆ ಅಡುಗೆಮನೆಗೆ ಹೋಗಲು ದಾರಿಯೇ ಇರುವುದಿಲ್ಲ. ನಾನೂ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ.

ಅವಳದು ಸೆಮಿ ಇಂಗ್ಲಿಷ್. ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಇತಿಹಾಸ, ಭೂಗೋಳ ಮರಾಠಿಯಲ್ಲಿ, ಹಿಂದಿ ಬೇರೆ. ಕನ್ನಡ ಮಾತ್ರ ಮನೆಯ ಮಾತಾಗಿಯೇ ಉಳಿದಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ, ಮುಂಬೈ ಮಹಾನಗರಪಾಲಿಕೆ ನಡೆಸುವ ಕನ್ನಡ ಶಾಲೆಗಳೂ ಇವೆ. ಆದರೆ ನಡೆದು ಹೋಗುವಷ್ಟು ಹತ್ತಿರದಲ್ಲಿ ನಮಗೆ ಒಂದೂ ಇರಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ.

ನಾನು ಏಳನೇ ತರಗತಿ ಓದಿದ್ದು ಮುಂಬೈಯ ಕೋಟೆ (ಫೋರ್ಟ್) ಪ್ರದೇಶದ ಒಂದು ರಾತ್ರಿ ಶಾಲೆಯಲ್ಲಿ. ಕುಂದಾಪುರದ ಕಡೆಯಿಂದ ಬಂದಾಗ ನನಗೆ ಹದಿಮೂರು. ಹಗಲು ಕ್ಯಾಂಟೀನಿನಲ್ಲಿ ಮೇಜು ಒರೆಸುವುದು, ಸಂಜೆ ಕೈ ತೊಳೆದುಕೊಂಡು ಶಾಲೆಗೆ ಓಡುವುದು. ಭೂಗೋಳದ ಮಾಸ್ಟ್ರು ಲಿಂಬೆಹಣ್ಣನ್ನು ಚಂದ್ರ ಮಾಡಿ, ತೆಂಗಿನಕಾಯಿಯನ್ನು ಭೂಮಿ ಮಾಡಿ ತೋರಿಸುತ್ತಿದ್ದರು. ನಿದ್ದೆ ತೂಗುತ್ತಿದ್ದ ಕಣ್ಣಿಗೆ ಆ ಲಿಂಬೆಹಣ್ಣು ಮಾತ್ರ ಸ್ಪಷ್ಟವಾಗಿ ಕಂಡಿತ್ತು. ಇವತ್ತಿಗೂ ಕಾಣುತ್ತದೆ.

ಶನಿವಾರ ರಾತ್ರಿ ಮಗಳು ಸಿಕ್ಕಿಹಾಕಿಕೊಂಡದ್ದೂ ಅಲ್ಲಿಯೇ. ಭೂಗೋಳದಲ್ಲಿ ‘ಭರತಿ-ಓಹೋಟಿ’ ಎಂಬ ಪಾಠ, ಎಂದರೆ ಕಡಲಿನ ಉಬ್ಬರ-ಇಳಿತ. ನೀರು ತೀರಾ ಎತ್ತರಕ್ಕೆ ಏರುವ ಉಧಾಣದ ಭರತಿ ಅಮಾವಾಸ್ಯೆ, ಹುಣ್ಣಿಮೆಗೆ. ಕಡಿಮೆ ಏರುವ ಭಾಂಗಿನ ಭರತಿ ಅಷ್ಟಮಿಗೆ. ಎರಡನ್ನೂ ಬಾಯಿಪಾಠ ಮಾಡಿದ್ದಳು, ಎರಡನ್ನೂ ಅದಲುಬದಲು ಹೇಳುತ್ತಿದ್ದಳು.

“ನಾಳೆ ಯಾವ ತಿಥಿ ನೋಡು” ಎಂದೆ. ಗೋಡೆಯ ಕ್ಯಾಲೆಂಡರ್ ನೋಡಿ ಬಂದಳು. ಹೋಳಿ ಹುಣ್ಣಿಮೆ.

“ಹಾಗಾದರೆ ನಾಳೆ ಭರತ ಎಷ್ಟು ಗಂಟೆಗೆ?”

“ಭರತ ಅಂದ್ರೆ?”

“ಇದೇ, ನಿನ್ನ ಪುಸ್ತಕದ ಭರತಿ. ನಮ್ಮೂರಲ್ಲಿ ಭರತ ಅಂತಾರೆ.”

ಅವಳು ಪುಸ್ತಕದ ಆ ಮರಾಠಿ ಅಕ್ಷರಗಳನ್ನು ಇನ್ನೊಮ್ಮೆ ನೋಡಿದಳು. ಒಂದು ‘ಇ’ಕಾರದಷ್ಟೇ ವ್ಯತ್ಯಾಸ.

ನಮಗೆ ಮೀನು ಕೊಡುವ, ಮುಂಬೈಯ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸೊಬ್ಬರು ವರ್ಷಗಳ ಹಿಂದೆ ನನಗೊಂದು ಲೆಕ್ಕ ಹೇಳಿಕೊಟ್ಟಿದ್ದರು. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಲೆಕ್ಕ ಹಾಕಿದರೆ ಭರತದ ಹೊತ್ತು ಸಿಗುತ್ತದೆ. ಚೌತಿಗೆ ಮೂರು ಗಂಟೆ, ಅಷ್ಟಮಿಗೆ ಆರು, ದ್ವಾದಶಿಗೆ ಒಂಬತ್ತು. ದಿನಕ್ಕೆ ಎರಡು ಭರತ ಇರುವುದರಿಂದ ಹಗಲಿಗೂ ಅದೇ ಲೆಕ್ಕ, ರಾತ್ರಿಗೂ ಅದೇ. ಹಿಂದೆ ಕನ್ನಡ ಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಗೆ ಬರುತ್ತಿತ್ತು. ಅದು ಬಂದವನಿಗೆ ಕಾಗದ, ಪೆನ್ಸಿಲ್ ಏನೂ ಬೇಡ.

ಮಗಳಿಗೆ ಮುಕ್ಕಾಲು ಮಗ್ಗಿ ಗೊತ್ತಿಲ್ಲ, ಆದರೆ ಭಿನ್ನರಾಶಿ ಗೊತ್ತು. ಗಣಿತದ ವಹಿ ತೆಗೆದು 15 ಅನ್ನು 3ರಿಂದ ಗುಣಿಸಿ 4ರಿಂದ ಭಾಗಿಸಿದಳು. ಹನ್ನೊಂದೂಕಾಲು. ಆಮೇಲೆ ನನ್ನ ಮೊಬೈಲಿನಲ್ಲಿ ಮುಂಬೈಯ ಭರತಿಯ ವೇಳಾಪಟ್ಟಿ ಹುಡುಕಿದಳು. ಅಲ್ಲಿ ಇದ್ದದ್ದು ಹನ್ನೆರಡರ ಆಸುಪಾಸು.

“ಪಪ್ಪ, ನಿಮ್ಮ ಲೆಕ್ಕ ತಪ್ಪು. ಮುಕ್ಕಾಲು ಗಂಟೆ ತಪ್ಪಿದೆ.”

ನನಗೆ ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಲೆಕ್ಕವನ್ನು ನಂಬಿದ್ದೆನೇ ಹೊರತು ಬಿಡಿಸಿ ನೋಡಿರಲಿಲ್ಲ. ಅವಳು ಸುಮ್ಮನೆ ಬಿಡಲಿಲ್ಲ. ವಹಿಯ ಹಿಂದಿನ ಪುಟದಲ್ಲಿ ಏನೇನೋ ಗೀಚಿದಳು. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಬರುವಷ್ಟರಲ್ಲಿ ಭರತದ ಹೊತ್ತು ಹನ್ನೆರಡು ಗಂಟೆ ಸರಿದು ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಹನ್ನೆರಡು ಗಂಟೆ ಎಂದರೆ 720 ನಿಮಿಷ; ಹದಿನೈದು ತಿಥಿಗೆ ಹಂಚಿದರೆ ತಿಥಿಗೆ 48 ನಿಮಿಷ. ಮುಕ್ಕಾಲು ಗಂಟೆ ಎಂದರೆ 45. ತಿಥಿಗೆ ಮೂರೇ ನಿಮಿಷ ಕಡಿಮೆ. ಹದಿನೈದು ಮೂರಲಿ ನಲವತ್ತೈದು!

“ಸಿಕ್ತು!” ಎಂದು ಕೂಗಿದ್ದಕ್ಕೆ ಒಳಗಿಂದ ಅವಳ ಅಮ್ಮ ಗಾಬರಿಯಾಗಿ ಬಂದಳು.

ಪಾಡ್ಯಕ್ಕೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದಲ್ಲ, ಹಾಗಾಗಿ ತಪ್ಪು ಮುಕ್ಕಾಲು ಗಂಟೆಗಿಂತ ಹೆಚ್ಚು ಬೆಳೆಯುವುದೇ ಇಲ್ಲ. ದೋಣಿ ನೀರಿಗಿಳಿಸುವವರಿಗೆ ಅಷ್ಟು ಸಾಕು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ತಲೆಮಾರುಗಳು ಬಾಯಲ್ಲಿ ಹಿಡಿಯುವ ಹಾಗೆ ಈ ಸುಲಭದ ಭಿನ್ನರಾಶಿಯನ್ನು ಆರಿಸಿಕೊಂಡದ್ದು ಎಂಥ ಬುದ್ಧಿವಂತಿಕೆ! ಅದನ್ನು ನನಗೆ ಬಿಡಿಸಿ ತೋರಿಸಿದ್ದು ಏಳನೇ ಇಯತ್ತೆಯ ಗಣಿತ.

ಊರಿಗೆ ಫೋನು ಹಚ್ಚಿ ಅಜ್ಜಿಗೆ ಹೇಳಿದಳು. “ಹುಣ್ಮಿಗೆ ಮಧ್ಯಾಹ್ನ ಭರ್ತ ಅಲ್ದಾ ಮಗಾ, ಅದ್ಕೆ ಪುಸ್ತಕ ಎಂತಕೆ?” ಎಂದರು ಅಜ್ಜಿ.

ಭಾನುವಾರ ಬೆಳಿಗ್ಗೆ ಭರತವನ್ನು ಕಣ್ಣಾರೆ ನೋಡಲು ಇಬ್ಬರೂ ಹೊರಟೆವು. ದಾದರ್‌ನಲ್ಲಿ ಇಳಿದು, ಪಶ್ಚಿಮ ರೈಲ್ವೆಯ ಲೋಕಲ್ ಹತ್ತಿ ಮಹಾಲಕ್ಷ್ಮಿಗೆ. ಇತಿಹಾಸದ ಪುಸ್ತಕವನ್ನು ಅವಳು ಚೀಲದಲ್ಲಿ ಹಾಕಿಕೊಂಡಿದ್ದಳು. ಏಳನೆಯ ಇತಿಹಾಸವೆಲ್ಲ ಶಿವಾಜಿ ಮಹಾರಾಜರು, ಮರಾಠರು. ಆರಮಾರ ಎಂದರೆ ನೌಕಾಪಡೆ, ಜಲದುರ್ಗಗಳು, 1664ರಲ್ಲಿ ಮಾಲವಣದ ಎದುರು ಕಟ್ಟಲು ಶುರುಮಾಡಿದ ಸಿಂಧುದುರ್ಗ, ಇವನ್ನೆಲ್ಲ ರೈಲಿನಲ್ಲಿ ನನಗೆ ಒಪ್ಪಿಸುತ್ತಿದ್ದಳು.

“ಆ ಮಾಲವಣದಿಂದ ಹೊರಟ ಹಡಗುಗಳು ಎಲ್ಲಿಗೆ ಬಂದವು ಗೊತ್ತಾ? ನಮ್ಮ ಬಸ್ರೂರಿಗೆ.”

“ಅಜ್ಜಿ ಮನೆ ಹತ್ತಿರದ ಬಸ್ರೂರಿಗಾ?”

ಹೌದು, ಅದಕ್ಕೇ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಖುದ್ದಾಗಿ ಹಡಗುಪಡೆಯೊಡನೆ ಬಸ್ರೂರಿಗೆ ಬಂದರು. ಆಗ ಅದು ಕೆಳದಿ ನಾಯಕರ ಸೀಮೆಯ ಶ್ರೀಮಂತ ಬಂದರು, ಪೋರ್ಚುಗೀಸರ ಬಾಯಲ್ಲಿ ಬಾರ್ಸೆಲೋರ್. ಪಟ್ಟಣವನ್ನು ಕೊಳ್ಳೆ ಹೊಡೆದು, ಹಿಂದಿರುಗುವಾಗ ಗೋಕರ್ಣದಲ್ಲಿ ಸ್ನಾನ ಮಾಡಿ ಹೋದರು. ಮರಾಠಾ ನೌಕಾಪಡೆಯ ಇತಿಹಾಸದಲ್ಲಿ ಅದೊಂದು ದೊಡ್ಡ ಸಾಹಸ. ಅಂಗಡಿ ಕಳೆದುಕೊಂಡ ಬಸ್ರೂರಿನ ಸೆಟ್ಟರ ಮನೆಗಳಲ್ಲಿ ಅದೇ ಮಾತು ಬೇರೆ ಥರ ಕೇಳಿಸಿರಬೇಕು. ಎರಡನ್ನೂ ಅವಳಿಗೆ ಹೇಳಿದೆ. ಹೇಳುವ ಮೊದಲು ಸ್ವಲ್ಪ ಯೋಚಿಸಿದ್ದು ನಿಜ, ಪರೀಕ್ಷೆಯಲ್ಲಿ ಏನಾದರೂ ಬರೆದು ಅಂಕ ಕಳೆದುಕೊಂಡಾಳು ಎಂದು. ಆದರೆ ಅವಳು ಹುಟ್ಟಿದ್ದು ಮಹಾರಾಷ್ಟ್ರದಲ್ಲಿ, ಅಜ್ಜಿಯ ಮನೆ ಬಸ್ರೂರಿನ ಬದಿಯಲ್ಲಿ. ಆ ಎರಡೂ ದಡ ಅವಳವೇ.

“ಬಸ್ರೂರು ಹೊಳೆಯ ಮೇಲೆ ಅಲ್ವಾ ಇರೋದು? ಹಾಗಾದ್ರೆ ಅವರೂ ಭರತ ನೋಡಿಯೇ ಒಳಗೆ ಬಂದಿರಬೇಕು” ಎಂದಳು. ವಾರಾಹಿ ಹೊಳೆಯಲ್ಲಿ ನನ್ನ ಅಜ್ಜ ದೋಣಿ ತರುತ್ತಿದ್ದುದೂ ಹಾಗೆಯೇ.

ಕಡಲಿನ ನಡುವೆ ದರ್ಗಾ ಇರುವ ಹಾಜಿ ಅಲಿ ತಲುಪಿದಾಗ ಹನ್ನೊಂದು ದಾಟಿತ್ತು. ಹೊಸ ಕರಾವಳಿ ರಸ್ತೆ ಬಂದ ಮೇಲೆ ಅಲ್ಲಿನ ಕಡಲು ನಾನು ಮೊದಲು ನೋಡಿದ್ದ ಕಡಲಲ್ಲ. ದರ್ಗಾಕ್ಕೆ ಹೋಗುವ ಹಾದಿ ಮಾತ್ರ ಹಾಗೆಯೇ ಇದೆ. ದೂರದಲ್ಲಿ ನಿಂತು ನೋಡಿದೆವು. ಮೊದಲು ಬದಿಯ ಕಲ್ಲುಗಳು ಮುಳುಗಿದವು. ಸ್ವಲ್ಪ ಹೊತ್ತಿಗೆ ತೆರೆಯೊಂದು ಹಾದಿಗೆ ನಾಲಿಗೆ ಚಾಚಿ ಹಿಂದೆ ಸರಿಯಿತು. ಮತ್ತೊಂದು ಬಂತು. ಆಮೇಲೆ ನೀರು ಹಿಂದೆ ಹೋಗಲೇ ಇಲ್ಲ, ಹಾದಿಯ ಮೇಲೆ ಆ ಬದಿಯಿಂದ ಈ ಬದಿಗೆ ಹಾಯತೊಡಗಿತು. ಮಗಳು ನನ್ನ ಕೈಗಡಿಯಾರ ನೋಡಿ ನೋಡಿ ಬರೆದುಕೊಳ್ಳುತ್ತಿದ್ದಳು.

“ಮಳೆ ಬರುವಾಗ ಹೀಗೆ ಭರತ ಇದ್ರೆ ಊರಿನ ನೀರು ಎಲ್ಲಿಗೆ ಹೋಗುತ್ತೆ?”

ಅವಳ ವಿಜ್ಞಾನದಲ್ಲಿ ಆಪತ್ತು ನಿರ್ವಹಣೆಯ ಪಾಠ ಇದೆ. ನಾನು 2005ರ ಜುಲೈ 26ರ ಕತೆ ಹೇಳಿದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ, ಮೇಲಿಂದ ಕಡಲಿನ ಭರತ. ಗಟಾರದ ನೀರು ಕಡಲಿಗೆ ಹೋಗಲು ಕಡಲೇ ಬಿಡಲಿಲ್ಲ. ಕುರ್ಲಾದಿಂದ ಎದೆಮಟ್ಟದ ನೀರಿನಲ್ಲಿ ಗುರುತು ಪರಿಚಯವಿಲ್ಲದವರ ಕೈ ಹಿಡಿದು ನಡೆದು, ಮರುದಿನ ಬೆಳಿಗ್ಗೆ ಮನೆ ಸೇರಿದ್ದೆ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

ನೀರು ಏರುವುದು ನಿಂತು, ಇಳಿಯತೊಡಗುವವರೆಗೂ ನಾವು ಅಲ್ಲೇ ಇದ್ದೆವು. ಹಾದಿಯ ಕಲ್ಲು ಮತ್ತೆ ಕಾಣಿಸಿದಾಗ ಕಾಯುತ್ತಿದ್ದ ಜನ ಚಪ್ಪಲಿ ಕೈಯಲ್ಲಿ ಹಿಡಿದು ಹೊರಟರು.

“ಪಪ್ಪ, ಭರತ ಅಂತ ಕನ್ನಡದಲ್ಲಿ ಬರೆದುಕೊಡಿ” ಎಂದು ವಹಿ ಚಾಚಿದಳು. ಗಣಿತದ ವಹಿ ಅದು, ಹಿಂದಿನ ಪುಟದಲ್ಲಿ 45, 48, 720. ಅವುಗಳ ಕೆಳಗೆ ಬರೆದುಕೊಟ್ಟೆ.